ಗೌರ್ನಮೆಂಟ್, ಇಕಾನಮಿಕ್ಸ್: ಅಮೆರಿಕದ ಹೈಸ್ಕೂಲ್ ಮಕ್ಕಳಿಗೆ ಯಾವ ದಾರಿ ಆರಿಸಬೇಕು?

ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಮಕ್ಕಳ ಗಣಿತ, ಕೋಡಿಂಗ್ ಬಗ್ಗೆ ದಿನವೂ ಮಾತು ನಡೆಯುತ್ತದೆ. ಗೌರ್ನಮೆಂಟ್ ಕ್ಲಾಸಿನ ಬಗ್ಗೆ ಯಾರೂ ಕೇಳುವುದಿಲ್ಲ. ಹನ್ನೆರಡನೇ ಗ್ರೇಡಿನಲ್ಲಿ ಒಂದು ಸೆಮಿಸ್ಟರ್ ಬರುತ್ತದೆ, 'ಎ' ಸಿಗುತ್ತದೆ, ಮುಗಿಯುತ್ತದೆ. ಆದರೆ ನಮ್ಮ ಮನೆಗಳನ್ನು ದಿನಾ ಕಾಡುವ ವಿಷಯಗಳೆಲ್ಲ ಇದರೊಳಗೇ ಇವೆ: ವೀಸಾ, ಗ್ರೀನ್ ಕಾರ್ಡ್ ಸರತಿ, ಮನೆ ಸಾಲದ ಬಡ್ಡಿ, ತೆರಿಗೆ, ಆಮದು ಸುಂಕ.

ಕೋರ್ಸ್ ಆಯ್ಕೆಯ ಸಮಯ ಬಂದಾಗ ಮುಂದಿರುವ ದಾರಿಗಳು ಹಲವು. ಶಾಲೆಯ ಸಾಮಾನ್ಯ ಕ್ಲಾಸು, ಎಪಿ (ಹೈಸ್ಕೂಲಿನಲ್ಲೇ ಕಾಲೇಜ್ ಮಟ್ಟದ ಪಾಠ) ಕ್ಲಾಸು, ಕಮ್ಯುನಿಟಿ ಕಾಲೇಜಿನ ಕೋರ್ಸ್, ಸ್ಪರ್ಧೆಗಳು, ಮನೆಯಲ್ಲೇ ಕಲಿಸುವುದು. ಇವನ್ನು ನಾನು ಒಂದೇ ಅಳತೆಯಲ್ಲಿ ನೋಡುತ್ತೇನೆ. ಒಂದು ನೀತಿಯ ಸುದ್ದಿ ಓದಿದ ಮಗು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬಲ್ಲದಾ? ಇದನ್ನು ನಿರ್ಧರಿಸುವ ಅಧಿಕಾರ ಯಾರಿಗಿದೆ? ಇದರ ಖರ್ಚು ಯಾರ ಮೇಲೆ ಬೀಳುತ್ತದೆ? ಶಾಲೆಗಳು ಮೊದಲನೆಯದನ್ನು ಗೌರ್ನಮೆಂಟ್ ಕ್ಲಾಸಿಗೆ, ಎರಡನೆಯದನ್ನು ಇಕಾನಮಿಕ್ಸ್ ಕ್ಲಾಸಿಗೆ ಹಂಚಿಬಿಟ್ಟಿವೆ. ಎರಡನ್ನೂ ಕೂಡಿಸುವ ದಾರಿಯೇ ಒಳ್ಳೆಯ ದಾರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಶಾಲೆಯ ಸಾಮಾನ್ಯ ಕ್ಲಾಸು

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಮುಗಿಸಲು ಒಂದು ಸೆಮಿಸ್ಟರ್ ಅಮೆರಿಕನ್ ಗೌರ್ನಮೆಂಟ್, ಒಂದು ಸೆಮಿಸ್ಟರ್ ಇಕಾನಮಿಕ್ಸ್ ಕಡ್ಡಾಯ. ಟೆಕ್ಸಾಸ್‌ನಲ್ಲೂ ಎರಡಕ್ಕೂ ಅರ್ಧರ್ಧ ಕ್ರೆಡಿಟ್ ಇದೆ. ಎಲ್ಲ ರಾಜ್ಯಗಳಲ್ಲಿ ಹೀಗೇ ಇಲ್ಲ. ಅಮೆರಿಕದಲ್ಲಿ ಶಾಲೆ ರಾಜ್ಯದ ಮತ್ತು ಸ್ಥಳೀಯ ಡಿಸ್ಟ್ರಿಕ್ಟ್‌ನ ಕೈಯಲ್ಲಿರುವುದರಿಂದ, ನ್ಯೂಜೆರ್ಸಿಯ ಗೆಳೆಯರ ಮಾತು ಕೇಳಿ ಡಲ್ಲಾಸ್‌ನಲ್ಲಿ ನಿರ್ಧಾರ ಮಾಡಬೇಡಿ.

ಸಾಮಾನ್ಯ ಕ್ಲಾಸನ್ನು ಕೀಳಾಗಿ ನೋಡುವ ಅಭ್ಯಾಸ ನಮ್ಮವರಲ್ಲಿ ಜಾಸ್ತಿ. ಅದು ಸರಿಯಲ್ಲ. ಒಳ್ಳೆಯ ಟೀಚರ್ ಸಿಕ್ಕರೆ ಈ ಕ್ಲಾಸಿನಲ್ಲಿ ಚರ್ಚೆಗೆ ಪುರುಸೊತ್ತು ಇರುತ್ತದೆ. ಪರೀಕ್ಷೆಯ ಪಟ್ಟಿ ಮುಗಿಸುವ ಧಾವಂತ ಇರುವುದಿಲ್ಲ. ಇವತ್ತು ಬಂದ ಸುದ್ದಿಯ ಮೇಲೆ ನಾಳೆ ಇಡೀ ಪೀರಿಯಡ್ ಕಳೆಯಬಹುದು. ಕೊರತೆಯೂ ಅಲ್ಲೇ ಇದೆ. ಎಲ್ಲ ಟೀಚರ್ ಮೇಲೆ ನಿಂತಿದೆ. ಟೀಚರ್ ಸುಮ್ನೆ ವರ್ಕ್‌ಶೀಟ್ ಹಂಚುವವರಾದರೆ ಮಗು 'ಮೂರು ಅಂಗಗಳು' ಎನ್ನುವಷ್ಟನ್ನು ಕಲಿತು ಹೊರಗೆ ಬರುತ್ತದೆ.

ಕ್ಯಾಲಿಫೋರ್ನಿಯಾದವರಿಗೆ ಇಲ್ಲಿ ಒಂದು ಎಚ್ಚರಿಕೆ. 2024ರ ಹೊಸ ಕಾನೂನಿನಂತೆ 2030-31ರಲ್ಲಿ ಹೈಸ್ಕೂಲ್ ಮುಗಿಸುವ ಬ್ಯಾಚ್‌ನಿಂದ ಪರ್ಸನಲ್ ಫೈನಾನ್ಸ್ ಕೂಡ ಕಡ್ಡಾಯ. ಅದನ್ನು ಮುಗಿಸಿದವರು ಇಕಾನಮಿಕ್ಸ್ ಬಿಡುವ ಅವಕಾಶವೂ ಕಾನೂನಿನಲ್ಲಿದೆ. ದಯವಿಟ್ಟು ಬಿಡಿಸಬೇಡಿ. ಕ್ರೆಡಿಟ್ ಕಾರ್ಡ್ ಬಡ್ಡಿ ಲೆಕ್ಕ ಹಾಕುವುದು ಮಗುವಿಗೆ ಬೇಕು, ನಿಜ. ಆ ಬಡ್ಡಿ ಈ ವರ್ಷ ಯಾಕೆ ಏರಿತು ಅಂತ ತಿಳಿಯುವುದು ಬೇರೆಯೇ ವಿದ್ಯೆ.

ಎಪಿ ಗೌರ್ನಮೆಂಟ್: ಓದುವ ಮಗುವಿಗೆ

ಎಪಿ ಯುಎಸ್ ಗೌರ್ನಮೆಂಟ್ ಅಂಡ್ ಪಾಲಿಟಿಕ್ಸ್ ಕೋರ್ಸಿನಲ್ಲಿ ಐದು ಯೂನಿಟ್‌ಗಳಿವೆ. ಜೊತೆಗೆ 9 ಮೂಲ ದಾಖಲೆಗಳನ್ನು ಓದಲೇಬೇಕು. ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ಅದಕ್ಕೂ ಮುಂಚಿನ ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್, ಸಂವಿಧಾನದ ಪರವಾಗಿ ಬರೆದ ನಾಲ್ಕು ಫೆಡರಲಿಸ್ಟ್ ಲೇಖನಗಳು, ಅವನ್ನು ವಿರೋಧಿಸಿದ ಬ್ರೂಟಸ್ 1, ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ. ಇವುಗಳ ಮೇಲೆ ಸುಪ್ರೀಂ ಕೋರ್ಟ್ ತೀರ್ಪುಗಳ ಒಂದು ಕಡ್ಡಾಯ ಪಟ್ಟಿ.

ಪರೀಕ್ಷೆಯಲ್ಲಿ 80 ನಿಮಿಷಕ್ಕೆ 55 ಬಹು ಆಯ್ಕೆ ಪ್ರಶ್ನೆ, 100 ನಿಮಿಷಕ್ಕೆ ಬರೆಯುವ 4 ಪ್ರಶ್ನೆ. ಆ ನಾಲ್ಕರಲ್ಲಿ ಒಂದು ನನಗೆ ತುಂಬಾ ಇಷ್ಟ. ಮಗು ಹಿಂದೆ ಓದಿರದ ಒಂದು ಕೇಸ್ ಕೊಟ್ಟು, ಓದಿದ ಕೇಸ್ ಜೊತೆ ಹೋಲಿಸಿ ಅನ್ನುತ್ತಾರೆ. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ.

ಹಣದ ನೀತಿ ಈ ಕೋರ್ಸಿನಲ್ಲಿ ಎಷ್ಟಿದೆ? ಪಠ್ಯಕ್ರಮದಲ್ಲಿ ನೋಡಿದರೆ ಕಡಿಮೆ. ನಾಲ್ಕನೇ ಯೂನಿಟ್‌ನಲ್ಲಿ ಕೇನ್ಸ್ ವಾದ (ಸರ್ಕಾರದ ಖರ್ಚಿನಿಂದ ಬೇಡಿಕೆ ಎತ್ತುವುದು), ಸಪ್ಲೈ-ಸೈಡ್ ವಾದ (ತೆರಿಗೆ ಇಳಿಸಿ ಉತ್ಪಾದನೆ ಎತ್ತುವುದು) ಎರಡನ್ನೂ ಮುಟ್ಟಿ ಮುಂದೆ ಹೋಗುತ್ತಾರೆ. ಆದರೆ ಕೇಸ್‌ಗಳ ಒಳಗೆ ಇಳಿದರೆ ಬೇಕಾದಷ್ಟಿದೆ. 1819ರ ಮ್ಯಾಕಲಕ್ ವರ್ಸಸ್ ಮೇರಿಲ್ಯಾಂಡ್ ತೆಗೆದುಕೊಳ್ಳಿ. ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ಬ್ಯಾಂಕ್ ಮಾಡಿತ್ತು. ಮೇರಿಲ್ಯಾಂಡ್ ರಾಜ್ಯ ಅದರ ಮೇಲೆ ತೆರಿಗೆ ಹಾಕಿತು. ಸಂವಿಧಾನದಲ್ಲಿ 'ಬ್ಯಾಂಕ್' ಅನ್ನುವ ಮಾತೇ ಇಲ್ಲ. ಹಾಗಾದರೆ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಬ್ಯಾಂಕ್ ಮಾಡುವ ಅಧಿಕಾರ ಎಲ್ಲಿಂದ ಬಂತು? ತೆರಿಗೆ ಹಾಕುವ, ಸಾಲ ಎತ್ತುವ, ವ್ಯಾಪಾರ ನಿಯಂತ್ರಿಸುವ ಅಧಿಕಾರ ಕೊಟ್ಟ ಮೇಲೆ ಅದಕ್ಕೆ ಬೇಕಾದ ಸಾಧನವನ್ನೂ ಕೊಟ್ಟಂತೆಯೇ ಅಂತ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹೇಳಿದರು. ರಾಜ್ಯದ ತೆರಿಗೆ ಬಿದ್ದುಹೋಯಿತು. ಈ ಒಂದು ಕೇಸನ್ನು ಚೆನ್ನಾಗಿ ಓದಿದ ಮಗುವಿಗೆ ಮುಂದೆ 1913ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ (ಫೆಡ್) ಹೇಗೆ ಹುಟ್ಟಲು ಸಾಧ್ಯವಾಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಓದಲು ಬೇಸರಪಡುವ ಮಗುವಿಗೆ ಈ ಕೋರ್ಸ್ ಹಿಂಸೆ. ಹದಿನೆಂಟನೇ ಶತಮಾನದ ಇಂಗ್ಲಿಷ್ ಸುಲಭವಲ್ಲ. ಬರೀ ಕಾಲೇಜ್ ಅರ್ಜಿಗೆ ಇನ್ನೊಂದು ಎಪಿ ಬೇಕು ಅಂತ ಇದಕ್ಕೆ ತಳ್ಳಬೇಡಿ.

ಎಪಿ ಮ್ಯಾಕ್ರೋ: ಗ್ರಾಫ್ ಇಷ್ಟಪಡುವವರಿಗೆ

ಎಪಿಯಲ್ಲಿ ಇಕಾನಮಿಕ್ಸ್ ಎರಡಿವೆ. ಮನೆ, ಕಂಪನಿ, ಒಂದೊಂದು ಮಾರುಕಟ್ಟೆಯನ್ನು ನೋಡುವ ಮೈಕ್ರೋ ಒಳ್ಳೆಯ ವಿಷಯವೇ. ಆದರೆ ದೇಶದ ಆರ್ಥಿಕ ನೀತಿ ತಿಳಿಯಬೇಕು ಅನ್ನುವವರಿಗೆ ಬೇಕಾದದ್ದು ಇಡೀ ಆರ್ಥಿಕತೆಯನ್ನು ನೋಡುವ ಮ್ಯಾಕ್ರೋ. ಆರು ಯೂನಿಟ್, 70 ನಿಮಿಷಕ್ಕೆ 60 ಬಹು ಆಯ್ಕೆ ಪ್ರಶ್ನೆ, ಆಮೇಲೆ ಒಂದು ಗಂಟೆಯಲ್ಲಿ ಬರೆಯುವ 3 ಪ್ರಶ್ನೆ. ಗಣಿತ ಕಷ್ಟವಿಲ್ಲ. ಆದರೆ ಒಂದು ಗ್ರಾಫಿನಲ್ಲಿ ಆದ ಬದಲಾವಣೆ ಪಕ್ಕದ ಗ್ರಾಫಿಗೆ ಹೇಗೆ ಹೋಗುತ್ತದೆ ಅಂತ ತಪ್ಪದೆ ಹಿಂಬಾಲಿಸಬೇಕು.

ಪ್ರಶ್ನೆಯ ಮಾದರಿ ಹೀಗಿರುತ್ತದೆ. ಆರ್ಥಿಕತೆ ಹಿಂಜರಿತದಲ್ಲಿದೆ. ಸರ್ಕಾರ ಸಾಲ ಮಾಡಿ ಖರ್ಚು ಜಾಸ್ತಿ ಮಾಡುತ್ತದೆ. ಒಟ್ಟು ಬೇಡಿಕೆಯ ಗೆರೆ ಎತ್ತ ಸರಿಯುತ್ತದೆ? ಬೆಲೆ ಮಟ್ಟ, ಉದ್ಯೋಗ ಏನಾಗುತ್ತದೆ? ಸಾಲದ ಮಾರುಕಟ್ಟೆಯಲ್ಲಿ ಬಡ್ಡಿ ಏನಾಗುತ್ತದೆ? ಬಡ್ಡಿ ಏರಿದರೆ ಖಾಸಗಿ ಹೂಡಿಕೆ ಏನಾಗುತ್ತದೆ? ಸೊಗಸಾದ ಸರಪಳಿ. ಕಲಿತ ಮಗು ಪತ್ರಿಕೆಯ ಬಿಸಿನೆಸ್ ಪುಟವನ್ನು ಧೈರ್ಯವಾಗಿ ಓದುತ್ತದೆ. 2022ರ ಜೂನ್‌ನಲ್ಲಿ ಹಣದುಬ್ಬರ 9.1% ಮುಟ್ಟಿದ್ದು, ಆ ವರ್ಷ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರವಿದ್ದ ಬಡ್ಡಿಯನ್ನು ಫೆಡ್ 2023ರ ಜುಲೈ ಹೊತ್ತಿಗೆ 5.25-5.5%ಕ್ಕೆ ಏರಿಸಿದ್ದು, ಮನೆ ಕೊಳ್ಳಲು ಹೊರಟವರು ಹಿಂದೆ ಸರಿದದ್ದು, ಇವೆಲ್ಲ ಒಂದೇ ಕಥೆ ಅಂತ ಅದಕ್ಕೆ ಕಾಣುತ್ತದೆ.

ಕೊರತೆ ಎಲ್ಲಿ? ಆ ಪ್ರಶ್ನೆಯಲ್ಲಿ 'ಸರ್ಕಾರ ಖರ್ಚು ಮಾಡುತ್ತದೆ' ಅಂದುಬಿಡುತ್ತಾರೆ. ಸರ್ಕಾರ ಅಂದರೆ ಯಾರು? ಸೆನೆಟ್‌ನಲ್ಲಿ ಹೆಚ್ಚಿನ ಮಸೂದೆಗಳ ಚರ್ಚೆ ಮುಗಿಸಿ ಮತಕ್ಕೆ ಹಾಕಲು 100ರಲ್ಲಿ 60 ಮತ ಬೇಕು. ತೆರಿಗೆ, ಖರ್ಚಿನ ಕೆಲವು ಮಸೂದೆಗಳಿಗೆ ಮಾತ್ರ 1974ರ ಬಜೆಟ್ ಕಾಯ್ದೆಯಿಂದ ಬಂದ 'ರೀಕನ್ಸಿಲಿಯೇಶನ್' ಅನ್ನುವ ದಾರಿ ಇದೆ. ಅಲ್ಲಿ ಸರಳ ಬಹುಮತ ಸಾಕು. 2022ರಲ್ಲಿ ಡೆಮಾಕ್ರಾಟರು ಇದೇ ದಾರಿಯಲ್ಲಿ ಇನ್ಫ್ಲೇಶನ್ ರಿಡಕ್ಷನ್ ಕಾಯ್ದೆಯನ್ನು ಸೆನೆಟ್‌ನಲ್ಲಿ 51-50ರಿಂದ ಗೆಲ್ಲಿಸಿದರು. 2025ರಲ್ಲಿ ರಿಪಬ್ಲಿಕನ್ನರು ಇದೇ ದಾರಿಯಲ್ಲಿ ತಮ್ಮ ತೆರಿಗೆ ಕಾನೂನನ್ನು ಅದೇ 51-50ರಿಂದ ಗೆಲ್ಲಿಸಿದರು. ಎರಡೂ ಸಲ ಸಮಬಲ ಮುರಿದದ್ದು ಉಪಾಧ್ಯಕ್ಷರ ಮತ: ಮೊದಲು ಕಮಲಾ ಹ್ಯಾರಿಸ್, ಆಮೇಲೆ ಜೆ.ಡಿ. ವ್ಯಾನ್ಸ್. ಇದು ಮ್ಯಾಕ್ರೋ ಕ್ಲಾಸಿನ ಪಠ್ಯದಲ್ಲಿಲ್ಲ. ಇದು ತಿಳಿಯದೆ ಆರ್ಥಿಕ ನೀತಿ ತಿಳಿದಂತೆಯೂ ಅಲ್ಲ.

ಪುಸ್ತಕ ಆರಿಸುವಾಗ ಒಂದು ಪರೀಕ್ಷೆ ಮಾಡಿ. ಹಳೆಯ ಪುಸ್ತಕಗಳು, ಹಳೆಯ ವಿಡಿಯೋಗಳು ಬ್ಯಾಂಕ್‌ಗಳು ಇಷ್ಟು ಪಾಲು ಠೇವಣಿಯನ್ನು ಕಡ್ಡಾಯವಾಗಿ ಮೀಸಲಿಡಬೇಕು, ಫೆಡ್ ಆ ಪಾಲನ್ನು ಏರಿಸಿ ಇಳಿಸಿ ಹಣದ ಹರಿವನ್ನು ಹಿಡಿಯುತ್ತದೆ ಅಂತ ಕಲಿಸುತ್ತವೆ. ಪಿಯುಸಿ ಕಾಮರ್ಸ್ ಓದಿದ ಅಪ್ಪ ಅಮ್ಮಂದಿರಿಗೆ ಇದೇ ಕಡ್ಡಾಯ ಪಾಲಿನ ಭಾರತದ ಹೆಸರಾದ ಸಿಆರ್‌ಆರ್ ನೆನಪಿರುವುದರಿಂದ ಇದು ಸರಿ ಅಂತಲೇ ಅನಿಸುತ್ತದೆ. ಭಾರತದಲ್ಲಿ ಸಿಆರ್‌ಆರ್ ಇವತ್ತಿಗೂ ಇದೆ. ಆದರೆ ಅಮೆರಿಕದಲ್ಲಿ 2020ರ ಮಾರ್ಚ್‌ನಿಂದ ಆ ಕಡ್ಡಾಯ ಪಾಲು ಸೊನ್ನೆ. ಈಗ ಬ್ಯಾಂಕ್‌ಗಳು ತನ್ನಲ್ಲಿಟ್ಟ ಹಣಕ್ಕೆ ಫೆಡ್ ಕೊಡುವ ಬಡ್ಡಿಯೇ ಮುಖ್ಯ ಹತಾರ. ಎಪಿ ಪಠ್ಯಕ್ರಮಕ್ಕೂ 'ಆಂಪಲ್ ರಿಸರ್ವ್ಸ್' ಅನ್ನುವ ಹೆಸರಿನಲ್ಲಿ ಇದು ಬಂದಿದೆ. ಕೈಯಲ್ಲಿರುವ ಪುಸ್ತಕದಲ್ಲಿ ಆ ಎರಡು ಪದ ಇಲ್ಲದಿದ್ದರೆ ಬೇರೆ ಪುಸ್ತಕ ನೋಡಿ.

ಕಮ್ಯುನಿಟಿ ಕಾಲೇಜು

ಡ್ಯೂಯಲ್ ಎನ್ರೋಲ್ಮೆಂಟ್‌ನಲ್ಲಿ ಹೈಸ್ಕೂಲ್ ಮಗು ಕಮ್ಯುನಿಟಿ ಕಾಲೇಜಿನ ಕೋರ್ಸ್ ಮಾಡುತ್ತದೆ. ಒಂದೇ ಪರೀಕ್ಷೆಯ ಮೇಲೆ ಎಲ್ಲ ನಿಲ್ಲುವುದಿಲ್ಲ. ಪಾಸಾದರೆ ಕಾಲೇಜ್ ಕ್ರೆಡಿಟ್ ಕೈಯಲ್ಲಿರುತ್ತದೆ. ರಾಜ್ಯದೊಳಗಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಲಾಭ ಜಾಸ್ತಿ. ಖಾಸಗಿ ಕಾಲೇಜುಗಳು ಒಪ್ಪುತ್ತವೆ ಅಂತ ಹೇಳಲಾಗದು, ಮೊದಲೇ ಕೇಳಿ. ಅಲ್ಲಿನ ಗ್ರೇಡ್ ಶಾಶ್ವತವಾಗಿ ಕಾಲೇಜ್ ದಾಖಲೆಗೆ ಸೇರುತ್ತದೆ ಅನ್ನುವುದನ್ನು ಮಗುವಿಗೆ ಸೇರುವ ಮುಂಚೆಯೇ ಹೇಳಬೇಕು. ನಲವತ್ತು ವರ್ಷದವರು, ಸೈನ್ಯದಿಂದ ಬಂದವರು, ದುಡಿದು ಬಂದು ಸಂಜೆ ಓದುವವರು ಪಕ್ಕದಲ್ಲಿ ಕೂತು ತೆರಿಗೆಯ ಬಗ್ಗೆ ಮಾತಾಡುವುದನ್ನು ಕೇಳುವ ಭಾಗ್ಯ ಮಾತ್ರ ಯಾವ ಎಪಿ ಕ್ಲಾಸಿನಲ್ಲೂ ಇಲ್ಲ.

ಕ್ಲಾಸಿನ ಹೊರಗೆ

ಮಾತಾಡಿ ಕಲಿಯುವ ಮಗುವಿಗೆ ಸಂವಿಧಾನದ ಮೇಲಿನ 'ವಿ ದ ಪೀಪಲ್' ಸ್ಪರ್ಧೆ ಹೇಳಿ ಮಾಡಿಸಿದ್ದು. ತಂಡವಾಗಿ ಕಾಂಗ್ರೆಸ್ ವಿಚಾರಣೆಯ ಮಾದರಿಯಲ್ಲಿ ತೀರ್ಪುಗಾರರ ಮುಂದೆ ಕೂರಬೇಕು. ಸಿದ್ಧಪಡಿಸಿದ ಮಾತು ಮುಗಿದ ಮೇಲೆ ಬರುವ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಕೊಡಬೇಕು. ತಯಾರಿ ತಿಂಗಳುಗಟ್ಟಲೆ ಹಿಡಿಯುತ್ತದೆ, ಶಾಲೆಯಲ್ಲಿ ಒಬ್ಬ ಉತ್ಸಾಹಿ ಟೀಚರ್ ಬೇಕೇ ಬೇಕು. ಇಕಾನಮಿಕ್ಸ್ ಕಡೆಗೆ 'ನ್ಯಾಷನಲ್ ಇಕಾನಮಿಕ್ಸ್ ಚಾಲೆಂಜ್' ಇದೆ. ಹೊಸಬರಿಗೆ ಡೇವಿಡ್ ರಿಕಾರ್ಡೊ ವಿಭಾಗ, ಎಪಿ ಮಟ್ಟದವರಿಗೆ ಆಡಂ ಸ್ಮಿತ್ ವಿಭಾಗ. ಕ್ಯಾಮೆರಾ ಹಿಡಿಯುವ ಮಕ್ಕಳಿಗೆ ಕಾಂಗ್ರೆಸ್ ಕಲಾಪ ತೋರಿಸುವ ಟಿವಿ ಜಾಲ ಸಿ-ಸ್ಪ್ಯಾನ್‌ನ 'ಸ್ಟೂಡೆಂಟ್‌ಕ್ಯಾಮ್' ಸಾಕ್ಷ್ಯಚಿತ್ರ ಸ್ಪರ್ಧೆ ಸರಿಹೊಂದುತ್ತದೆ.

ಇವೆಲ್ಲಕ್ಕಿಂತ ನಾನು ಮೇಲಿಡುವುದು ಮತಗಟ್ಟೆಯ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ 16 ತುಂಬಿದ, ಸರಾಸರಿ ಜಿಪಿಎ 2.5 ಇರುವ ಹೈಸ್ಕೂಲ್ ಮಕ್ಕಳು ಚುನಾವಣಾ ಸಿಬ್ಬಂದಿಯಾಗಿ ಕೆಲಸ ಮಾಡಬಹುದು. ನಾಗರಿಕರಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-4 ವೀಸಾದಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಕುಟುಂಬದ) ಮಕ್ಕಳಿಗೆ ಈ ಬಾಗಿಲು ಮುಚ್ಚಿದೆ. ಆಸೆ ಹುಟ್ಟಿಸುವ ಮುಂಚೆ ನೋಡಿಕೊಳ್ಳಿ.

ಮನೆಯಲ್ಲಿ ಕಲಿಸುವುದಾದರೆ

ಪುಕ್ಕಟೆ ಸಾಮಗ್ರಿಗೆ ಕೊರತೆ ಇಲ್ಲ. ಸುಪ್ರೀಂ ಕೋರ್ಟ್‌ನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ನಿವೃತ್ತಿಯ ನಂತರ 2009ರಲ್ಲಿ ಶುರುಮಾಡಿದ 'ಐಸಿವಿಕ್ಸ್'ನಲ್ಲಿ ಆಟಗಳಿವೆ. ಅವು ಒಂಬತ್ತನೇ ಗ್ರೇಡಿನವರೆಗೆ ಚೆನ್ನ, ಆಮೇಲೆ ಮಕ್ಕಳಿಗೆ ಎಳೆಯರ ಆಟ ಅನಿಸುತ್ತದೆ. ದೊಡ್ಡ ಮಕ್ಕಳಿಗೆ 'ದ ಫಿಸ್ಕಲ್ ಶಿಪ್' ಕೊಡಿ. ದೇಶದ ಸಾಲ ಹಿಡಿತಕ್ಕೆ ಬರುವಂತೆ ತೆರಿಗೆ, ಖರ್ಚುಗಳನ್ನು ಆರಿಸಬೇಕು, ಜೊತೆಗೆ ತಾವೇ ಇಟ್ಟುಕೊಂಡ ಗುರಿಗಳನ್ನೂ ಉಳಿಸಿಕೊಳ್ಳಬೇಕು. ಸೇಂಟ್ ಲೂಯಿಸ್ ಫೆಡ್‌ನ 'ಫ್ರೆಡ್' ತಾಣದಲ್ಲಿ ನಿರುದ್ಯೋಗ, ಬೆಲೆ, ಬಡ್ಡಿಯ ಅಂಕಿಗಳೆಲ್ಲ ಗ್ರಾಫ್ ಸಮೇತ ಸಿಗುತ್ತವೆ.

ಒಂದು ಸಂಜೆ ಹೀಗೆ ಮಾಡಿ ನೋಡಿ. ಕೇಂದ್ರ ಸರ್ಕಾರದ ಖರ್ಚಿನಲ್ಲಿ ವಿದೇಶಿ ನೆರವಿನ ಪಾಲು ಎಷ್ಟಿರಬಹುದು ಅಂತ ಮಗುವನ್ನು ಊಹಿಸಲು ಹೇಳಿ. ನೀವೂ ಊಹಿಸಿ. ಆಮೇಲೆ 2024ರ ಆರ್ಥಿಕ ವರ್ಷದ ಲೆಕ್ಕ ತೆಗೆಯಿರಿ. ಒಟ್ಟು ಖರ್ಚು ಸುಮಾರು 6.8 ಟ್ರಿಲಿಯನ್ ಡಾಲರ್. ಸೋಷಿಯಲ್ ಸೆಕ್ಯುರಿಟಿ ಒಂದೇ ಸುಮಾರು 1.5 ಟ್ರಿಲಿಯನ್. ಹಳೆಯ ಸಾಲದ ಮೇಲಿನ ಬಡ್ಡಿ ರಕ್ಷಣಾ ಖರ್ಚನ್ನೂ ದಾಟಿದೆ. ವಿದೇಶಿ ನೆರವು ಸುಮಾರು 1%. ಈ ನಾಲ್ಕು ಅಂಕಿ ಗೊತ್ತಿರುವ ಮಗುವನ್ನು ಚುನಾವಣಾ ಭಾಷಣ ಸುಲಭವಾಗಿ ದಾರಿ ತಪ್ಪಿಸಲಾಗದು.

ಇನ್ನು ನಮ್ಮ ಮನೆಗಳ ಸ್ವಂತ ಪಾಠ: ಗ್ರೀನ್ ಕಾರ್ಡ್. ಉದ್ಯೋಗದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್, ಒಂದು ದೇಶಕ್ಕೆ 7% ಮಿತಿ. ಇವೆರಡೂ ಕಾಂಗ್ರೆಸ್ ಮಾಡಿದ ಕಾನೂನಿನಲ್ಲಿವೆ. ಅಧ್ಯಕ್ಷರು ಸಹಿ ಹಾಕಿ ಬದಲಿಸುವಂತಿಲ್ಲ. 2019ರ ಜುಲೈನಲ್ಲಿ ಈ ದೇಶವಾರು ಮಿತಿ ತೆಗೆಯುವ ಮಸೂದೆ ಕೆಳಮನೆಯಲ್ಲಿ 365-65ರಿಂದ ಗೆದ್ದಿತು. ಎರಡೂ ಪಕ್ಷದವರು ಮತ ಹಾಕಿದ್ದರು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಕೂಡ ಒಂದು ಮಸೂದೆಯನ್ನು ಒಮ್ಮತದಿಂದ ಒಪ್ಪಿತು. ಆದರೆ ಎರಡು ಮನೆಗಳ ಪಠ್ಯ ಬೇರೆ ಬೇರೆ ಇತ್ತು. ಹೊಂದಿಸುವ ಮುಂಚೆ ಆ ಕಾಂಗ್ರೆಸ್‌ನ ಅವಧಿ ಮುಗಿಯಿತು, ಎರಡೂ ಸತ್ತವು. ಎರಡು ಮನೆ ಅಂದರೇನು, ಒಂದೇ ಪಠ್ಯ ಯಾಕೆ ಬೇಕು, ಅವಧಿ ಮುಗಿದರೆ ಮಸೂದೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 21 ತುಂಬಿದರೆ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳುವ ಭಯದಲ್ಲಿರುವ ಮಗುವಿಗಂತೂ ಇದು ಪಠ್ಯಪುಸ್ತಕದ ವಿಷಯವೇ ಅಲ್ಲ.

ಇದರ ಪಕ್ಕದಲ್ಲೇ ಇನ್ನೆರಡನ್ನು ಇಡಿ. ಎಚ್-4ನಲ್ಲಿರುವ ಎಷ್ಟೋ ಗಂಡ-ಹೆಂಡಿರಿಗೆ ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ, ಇಲಾಖೆಯ ನಿಯಮದಿಂದ. ನಿಯಮವನ್ನು ಮುಂದಿನ ಸರ್ಕಾರ ಹಿಂತೆಗೆಯಲು ಪ್ರಯತ್ನಿಸಬಹುದು, ಹಾಗಾಗಿ ಅದರ ಮೇಲೆ ಕತ್ತಿ ತೂಗುತ್ತಲೇ ಇರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಬಂದ 1,00,000 ಡಾಲರ್ ಶುಲ್ಕ ಅಧ್ಯಕ್ಷರ ಘೋಷಣೆ. ಅದನ್ನು ಪ್ರಶ್ನಿಸಿದವರು ಕೋರ್ಟಿಗೆ ಹೋದರು. ಕಾನೂನು, ನಿಯಮ, ಘೋಷಣೆ. ಮೂರಕ್ಕೂ ಮೂಲ ಬೇರೆ, ಆಯುಸ್ಸು ಬೇರೆ. ಇದಾದ ಮೇಲೆ ಎರಡನೇ ಪ್ರಶ್ನೆ ಕೇಳಿ: ಆ ಶುಲ್ಕದ ಭಾರ ಕೊನೆಗೆ ಯಾರ ಮೇಲೆ? ಕಂಪನಿಯ ಮೇಲಾ, ಕೆಲಸಕ್ಕೆ ಬರಬೇಕಿದ್ದವರ ಮೇಲಾ, ಗ್ರಾಹಕರ ಮೇಲಾ? ಕೆಲಸವೇ ಬೆಂಗಳೂರಿಗೆ ಹೋಗುತ್ತದಾ? ಬೇಡಿಕೆ, ಪೂರೈಕೆ, ಪರ್ಯಾಯ, ಎಲ್ಲವೂ ಊಟದ ಮೇಜಿಗೇ ಬರುತ್ತವೆ.

ಮನೆಪಾಠದಲ್ಲಿ ಎರಡು ಅಪಾಯಗಳಿವೆ. ಒಂದು, ನಾವು ಓದಿದ ಪೌರನೀತಿ. ಭಾರತದಲ್ಲಿ ಬಜೆಟ್ ಲೋಕಸಭೆಯಲ್ಲಿ ಸೋತರೆ ಸರ್ಕಾರ ಬೀಳುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರ ಬಜೆಟ್ ಬರೀ ಒಂದು ಸಲಹೆ. ಖರ್ಚಿನ ಮಸೂದೆಗಳನ್ನು ಕಾಂಗ್ರೆಸ್ ಅಕ್ಟೋಬರ್ 1ರೊಳಗೆ ಮುಗಿಸದಿದ್ದರೆ ಎಷ್ಟೋ ಸರ್ಕಾರಿ ಕಚೇರಿಗಳು ಮುಚ್ಚುತ್ತವೆ, ಅಧ್ಯಕ್ಷರು ಕುರ್ಚಿಯಲ್ಲೇ ಇರುತ್ತಾರೆ. 2025ರಲ್ಲಿ ಹಾಗೆ 43 ದಿನ ನಡೆಯಿತು. ನಮ್ಮ ತಲೆಯಲ್ಲಿರುವ 'ಗೆದ್ದ ಪಕ್ಷ ಬೇಕಾದ್ದು ಮಾಡುತ್ತದೆ' ಅನ್ನುವ ಲೆಕ್ಕವನ್ನು ಮಗುವಿಗೆ ದಾಟಿಸಬಾರದು. ಎರಡನೆಯದು ವಾಟ್ಸಾಪ್ ರಾಜಕೀಯ. ನಿಮಗೆ ಒಂದು ಪಕ್ಷ ಇಷ್ಟವಿರಬಹುದು. ಮಗುವಿಗೆ ಕಲಿಸುವಾಗ ಇನ್ನೊಂದು ಪಕ್ಷದ ಒಳ್ಳೆಯ ವಾದವನ್ನು, ಆ ಪಕ್ಷದವರು ಒಪ್ಪುವ ಹಾಗೆ ಹೇಳಲು ಬರಬೇಕು. ಬರದಿದ್ದರೆ ಆ ಪಾಠವನ್ನು ಶಾಲೆಗೆ ಬಿಡುವುದೇ ಲೇಸು.

ಅಂದಹಾಗೆ, ನಾಗರಿಕತ್ವದ ಪರೀಕ್ಷೆಗೆ ತಯಾರಾಗುತ್ತಿರುವ ಅಪ್ಪ ಅಮ್ಮಂದಿರಿಗೆ ಮಕ್ಕಳೇ ಮೇಷ್ಟ್ರಾಗಲಿ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ. ಕೇಳುವುದು 20, ಸರಿಯಾಗಬೇಕಾದದ್ದು 12. ಪ್ರತಿ ಉತ್ತರದ ಹಿಂದಿನ 'ಯಾಕೆ'ಯನ್ನು ಮಗು ವಿವರಿಸಬೇಕು ಅಂತ ಷರತ್ತು ಹಾಕಿ.

ನನ್ನ ಆಯ್ಕೆ

ಹೆಚ್ಚಿನ ಮಕ್ಕಳಿಗೆ ನಾನು ಹೇಳುವುದು ಸಾಮಾನ್ಯ ಕ್ಲಾಸುಗಳ ಜೋಡಿ, ಜೊತೆಗೆ ಮನೆಯಲ್ಲಿ ವರ್ಷವಿಡೀ ಒಂದೇ ನೀತಿಯನ್ನು ಹಿಂಬಾಲಿಸುವುದು. ಗ್ರೀನ್ ಕಾರ್ಡ್ ಆಗಬಹುದು, ಸುಂಕ ಆಗಬಹುದು, ಬಡ್ಡಿ ಆಗಬಹುದು. ಓದುವ, ಬರೆಯುವ ಹುಮ್ಮಸ್ಸಿದ್ದರೆ ಎಪಿ ಗೌರ್ನಮೆಂಟ್. ಇಂಜಿನಿಯರಿಂಗ್ ಕಡೆಗೆ ಹೊರಟ, ಗ್ರಾಫ್‌ನಲ್ಲಿ ಯೋಚಿಸುವ ಮಗುವಿಗೆ ಎಪಿ ಮ್ಯಾಕ್ರೋ. ಎರಡೂ ಎಪಿ ಒಂದೇ ವರ್ಷ ತೆಗೆದುಕೊಳ್ಳುವುದಾದರೆ ಬಹಳ ಒಳ್ಳೆಯದು. ಆದರೆ ಆ ವರ್ಷ ಬೇರೆ ಎಪಿಗಳನ್ನು ಕಡಿಮೆ ಮಾಡಿ. ಒಂದನ್ನೇ ಆರಿಸಬೇಕು ಅಂದರೆ ನನ್ನ ಮತ ಗೌರ್ನಮೆಂಟ್‌ಗೆ. ಮ್ಯಾಕ್ರೋದ ಗ್ರಾಫ್‌ಗಳನ್ನು ಕಾಲೇಜಿನಲ್ಲಿ ಕಲಿಯಬಹುದು. ಸಂವಿಧಾನವನ್ನು ಸಾಲು ಸಾಲಾಗಿ ಓದಿಸುವವರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅಪರೂಪ.

ಕೌನ್ಸೆಲರ್ ಹತ್ತಿರ ಹೋದಾಗ ಮೊದಲು ಕೇಳಬೇಕಾದದ್ದು ಕೋರ್ಸ್ ಯಾವ ಸೆಮಿಸ್ಟರ್‌ನಲ್ಲಿದೆ ಅಂತ. ಎಪಿ ಪರೀಕ್ಷೆ ಮೇ ತಿಂಗಳಲ್ಲಿ. ಕ್ಲಾಸು ಡಿಸೆಂಬರ್‌ಗೇ ಮುಗಿದರೆ ನಡುವೆ ನಾಲ್ಕು ತಿಂಗಳ ಮರೆವು. ಅಂಥ ಶಾಲೆಯಲ್ಲಿ ಟೀಚರ್ ವಸಂತದಲ್ಲಿ ರಿವಿಷನ್ ಕ್ಲಾಸ್ ನಡೆಸುತ್ತಾರಾ ಅಂತ ವಿಚಾರಿಸಿ. ಪರೀಕ್ಷೆಗೆ ಹೆಸರು ಕೊಡುವ ಗಡುವು ಸಾಮಾನ್ಯವಾಗಿ ನವೆಂಬರ್‌ನಲ್ಲೇ ಬರುತ್ತದೆ, ಶುಲ್ಕ ಸುಮಾರು 100 ಡಾಲರ್, ತಡವಾದರೆ ದಂಡ ಬೇರೆ. ಕಮ್ಯುನಿಟಿ ಕಾಲೇಜಿನ ದಾರಿ ಹಿಡಿಯುವವರು ಆ ಕೋರ್ಸ್ ಹೈಸ್ಕೂಲಿನ ಕಡ್ಡಾಯ ಗೌರ್ನಮೆಂಟ್ ಕ್ರೆಡಿಟ್‌ಗೆ ಸಮ ಅಂತ ಶಾಲೆಯಿಂದ ಬರಹದಲ್ಲಿ ಪಡೆಯಿರಿ.